ಮೂರು ಸಲ ತೊಳೆಯಬೇಕು

“ಒಂದು ಮಾತು ತಪ್ಪಿದ್ರೂ ಇವತ್ತಿಗೆ ನಿನ್ನ ಕಥೆ ಮುಗೀತು, ತಿಳ್ಕೊ!”

ಅರೆಕಿಪಾ ಊರಿನ ಆಸ್ಪತ್ರೆಯ ಪಾಠದ ಕೋಣೆಯಲ್ಲಿ ಮುಖ್ಯ ವೈದ್ಯ ಅಬೆಲಾರ್ದೊ ಗುಡುಗಿದರು. ತರಬೇತಿ ವೈದ್ಯೆ ನೆಲಿದಾ ತಲೆ ತಗ್ಗಿಸಿದಳು.

ಅಮೆರಿಕದಿಂದ ಬಂದಿದ್ದ ಡಾಕ್ಟರ್ ಮಿಲ್ಲರ್ ಮೇಡಂ ಶ್ವಾಸಕೋಶದ ಕೀವಿನ ಬಗ್ಗೆ ಇಂಗ್ಲಿಷಿನಲ್ಲಿ ಪಾಠ ಮಾಡುವವರಿದ್ದರು. ಅದನ್ನು ನೆಲಿದಾ ಸ್ಪ್ಯಾನಿಷಿನಲ್ಲಿ ಹೇಳಬೇಕು. ತಪ್ಪಿದರೆ ತರಬೇತಿಯಿಂದಲೇ ಹೊರಕ್ಕೆ. ಮಿಲ್ಲರ್ ಅವರನ್ನು ಕರೆಸಿದವಳೂ ನೆಲಿದಾ, ಆಸ್ಪತ್ರೆಯ ನಿರ್ದೇಶಕರನ್ನು ಮುಂದಿನ ಸಾಲಿನಲ್ಲಿ ಕೂರಿಸಿದವಳೂ ಅವಳೇ. ತನ್ನ ಗುಂಡಿ ತಾನೇ ತೋಡಿಕೊಂಡಳು ಎಂದು ಜೊತೆಯವರು ಮರುಗಿದರು.

ತುಂಬಿದ ಕೊಡ ತುಳುಕುವುದಿಲ್ಲವಂತೆ. ಅಬೆಲಾರ್ದೊ ಮಾತ್ರ ಸದಾ ತುಳುಕುತ್ತಿದ್ದರು. “ಇಂಗ್ಲಿಷ್ ಬರದೋರು ಊರಿಗೆ ಹೋಗಿ ಅಲ್ಪಾಕಾ ಮೇಯಿಸ್ಲಿ. ಹಿಂದೆ ಒಬ್ಬಳನ್ನ ಬುತ್ತಿ ಸಮೇತ ಇದೇ ಬಾಗಿಲಿಂದ ಆಚೆ ಹಾಕಿದ್ದೆ!” ವಾರ ವಾರವೂ ಇದೇ ಪುರಾಣ. ಬೈಯುವಾಗ ಅವರು ಯಾರ ಮುಖವನ್ನೂ ನೋಡಿದವರಲ್ಲ. ನೆಲಿದಾ ಹಲ್ಲು ಕಚ್ಚಿ ಕೇಳಿಸಿಕೊಂಡಿದ್ದಳು.

ಮಿಲ್ಲರ್ ಮಾತು ಶುರುಮಾಡಿದರು. ಮುಷ್ಟಿಗಾತ್ರದ ಏನನ್ನೋ ಕೈಯಲ್ಲೇ ತೋರಿಸಿದರು.

“ಒಳಗಿರೋದನ್ನೆಲ್ಲ ಕೆರೆದು ತೆಗೀಬೇಕಂತೆ. ಆಮೇಲೆ ನೀರು ಬದಲಿಸ್ತಾ ಮೂರು ಸಲ ತೊಳೀಬೇಕಂತೆ,” ಎಂದಳು ನೆಲಿದಾ.

“ತಪ್ಪು! ಎರಡು ಸಲ ಅಂದ್ರು. ಕಿವಿ ಎಲ್ಲಿಟ್ಟಿದ್ದೀಯ?” ಎಂದು ಅಬೆಲಾರ್ದೊ ಅರಚಿದರು.

ಹಿಂದಿನ ಸಾಲಿನಲ್ಲಿ ಕೆಲವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಿರ್ದೇಶಕರು ಹುಬ್ಬೇರಿಸಿದರು. ಅವರು ನೋಡುತ್ತಿದ್ದದ್ದು ನೆಲಿದಾಳನ್ನಲ್ಲ.

“ಹಾಗಾದ್ರೆ ಮುಂದಿಂದು ನೀವೇ ಹೇಳ್ಬಿಡಿ ಡಾಕ್ಟರೇ. ನಿಮ್ಮಷ್ಟು ನನಗೆಲ್ಲಿ ಬರತ್ತೆ?” ಎಂದು ಅವಳು ಪಕ್ಕಕ್ಕೆ ಸರಿದು ನಿಂತಳು.

ಅಬೆಲಾರ್ದೊ ಕೋಟು ಸರಿಮಾಡಿಕೊಂಡು ಎದ್ದರು. ಮಿಲ್ಲರ್ ಒಂದು ಮಾತಾಡಿದರೆ ಇವರು ಹತ್ತು ಹೇಳಿದರು. ಸೂಜಿ, ಕೊಳವೆ, ಔಷಧಿಯ ಪ್ರಮಾಣ, ಎಲ್ಲವೂ ಪುಂಖಾನುಪುಂಖ. “ಎಷ್ಟೋ ವರ್ಷದಿಂದ ನಾನು ಮಾಡ್ತಿರೋ ಚಿಕಿತ್ಸೇನೂ ಇದೇ!” ಎಂದು ಕೊನೆಗೆ ಎದೆಯುಬ್ಬಿಸಿದರು.

ನೆಲಿದಾ ಮೊದಲ ಸಲ ತಲೆಯೆತ್ತಿದಳು. ಮಿಲ್ಲರ್ ಕನ್ನಡಕ ತೆಗೆದು, ಅಪ್ಪಟ ಅರೆಕಿಪಾದ ಸ್ಪ್ಯಾನಿಷಿನಲ್ಲಿ ಹೇಳಿದರು:

“ಎರಡು ಸಲಕ್ಕೆ ಖಾರ ಹೋಗಲ್ಲ, ಡಾಕ್ಟರೇ. ನಾನು ಇಷ್ಟು ಹೊತ್ತು ಇಂಗ್ಲಿಷಿನಲ್ಲಿ ಹೇಳಿದ್ದು, ನಮ್ಮಮ್ಮ ರೊಕೊಟೊ ಮೆಣಸಿನಕಾಯಿಗೆ ಮಾಂಸ ತುಂಬೋ ರೀತಿ. ಇಂಗ್ಲಿಷ್ ಬರಲ್ಲ ಅಂತ ನೀವು ನನ್ನನ್ನ ಇದೇ ಬಾಗಿಲಿಂದ ಆಚೆ ಹಾಕಿದ ದಿನ ಬುತ್ತೀಲಿ ಇದ್ದದ್ದೂ ಅದೇ.”