ಹನ್ನೆರಡನೆಯ ಚಮಚ

"ದಿನಾ ಸಂಜೆ ಕೆಲಸ ಮುಗಿಸಿ ಹೋಗೋವಾಗ ಇಲ್ಲೇ ಚೀಲ ಬೋರಲು ಹಾಕಿ ತೋರಿಸ್ಬೇಕಿತ್ತು," ಎಂದು ಅಮ್ಮ, ಈಗ ಮ್ಯೂಸಿಯಂ ಆಗಿರುವ ಕೋಟೆಮನೆಯ ಹೆಬ್ಬಾಗಿಲಲ್ಲಿ ನಿಂತೇಬಿಟ್ಟಳು. ಮಗಳು ಅತ್ತಿತ್ತ ನೋಡಿ, "ಮೆಲ್ಲಗೆ ಮಾತಾಡಮ್ಮ," ಎಂದು ಅವಳ ಕೈ ಹಿಡಿದು ಒಳಗೆಳೆದಳು. ಸಾಯೋದರೊಳಗೆ ಒಂದು ಸಲ ಟಿಕೆಟ್ ತಗೊಂಡು ಒಳಗೆ ಹೋಗ್ಬೇಕು ಎಂದು ಹಟ ಹಿಡಿದದ್ದು ಅಮ್ಮನೇ.

ಮಗಳು ಹುಟ್ಟಿದ ವರ್ಷ, ಬೆಳ್ಳಿ ಚಮಚ ಕದ್ದಳೆಂದು, ಇಲ್ಲಿ ಮನೆಕೆಲಸಕ್ಕಿದ್ದ ಅಮ್ಮನನ್ನು ಇದೇ ಬಾಗಿಲಿಂದ ಆಚೆ ಹಾಕಿದ್ದರು. ಆಮೇಲೆ ಯಾರೂ ಮನೆಕೆಲಸ ಕೊಡಲಿಲ್ಲ. ಬದುಕಿಡೀ ಬೀದಿ ಗುಡಿಸಿದಳು. ಶಾಲೆಯಲ್ಲಿ 'ಕಳ್ಳಿ ಮಗಳು' ಎನ್ನಿಸಿಕೊಂಡು ಬೆಳೆದ ಮಗಳು ಒಮ್ಮೆ ಜಗಳದಲ್ಲಿ, "ಬೆಂಕಿ ಇಲ್ದೆ ಹೊಗೆ ಆಡುತ್ತಾ?" ಎಂದುಬಿಟ್ಟಿದ್ದಳು. ಅಮ್ಮ ಅದಕ್ಕೆ ಇವತ್ತಿನವರೆಗೂ ಉತ್ತರ ಕೊಟ್ಟಿರಲಿಲ್ಲ.

ಊಟದ ಹಜಾರದಲ್ಲಿ ಗೈಡು ಗಾಜಿನ ಪೆಟ್ಟಿಗೆಯ ಮೇಲೆ ಬೆರಳು ಬಡಿದ. "ಎಣಿಸಿ ನೋಡಿ, ಹನ್ನೆರಡು ಚಮಚ. ಎಷ್ಟೋ ವರ್ಷದಿಂದ ಹನ್ನೊಂದೇ ಇತ್ತು. ಹೋದ ವರ್ಷ ಗೋಡೆ ರಿಪೇರಿ ಮಾಡುವಾಗ ಬಂದೂಕಿನ ಕಿಂಡಿಯೊಳಗೆ ಸಿಕ್ತು. ಹಳೇ ಕಾಗೆ ಗೂಡಲ್ಲಿ! ಕಳ್ಳ ಯಾರು ಅಂತ ಗೊತ್ತಾಯ್ತಲ್ಲ?"

ಎಲ್ಲರೂ ನಕ್ಕರು. ಪೆಟ್ಟಿಗೆಯೊಳಗೆ ಹನ್ನೆರಡನೆಯ ಚಮಚದ ಪಕ್ಕ ಒಂದು ಮಣ್ಣಿನ ಕಾಗೆಯನ್ನೂ ಮಾಡಿ ಕೂರಿಸಿದ್ದರು. ಕಾಗೆಗೆ ಸಿಕ್ಕ ಮರ್ಯಾದೆ ನೋಡಿ!

"ಪಾಪ, ಆಗ ಯಾರ ಮೇಲೂ ಅನುಮಾನ ಬರ್ಲಿಲ್ವಾ?" ಎಂದು ಗುಂಪಿನಲ್ಲೊಬ್ಬರು ಕೇಳಿದರು.

"ಯಾರೋ ಕೆಲಸದವಳನ್ನ ಓಡಿಸಿದ್ರಂತೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ! ಬನ್ನಿ, ಆ ಕಡೆ ಫಿರಂಗಿ ಇದೆ."

ಗುಂಪು ಫಿರಂಗಿಯತ್ತ ನಡೆಯಿತು. ಮಗಳಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಕೊನೆಗೆ, "ಅಮ್ಮಾ, ಆಫೀಸಿಗೆ ಹೋಗಿ ಹೇಳೋಣ. ಆ ಕೆಲಸದವಳು ನಮ್ಮಮ್ಮನೇ ಅಂತ ನಾನೇ ಹೇಳ್ತೀನಿ," ಎಂದಳು. ಅಮ್ಮ ಚಮಚಗಳನ್ನು ಒಂದೊಂದಾಗಿ ಎಣಿಸುತ್ತಿದ್ದಳು. ಹನ್ನೆರಡಕ್ಕೆ ನಿಲ್ಲಿಸಿ, "ಸರಿಯಾಗಿ ಉಜ್ಜಿಲ್ಲ," ಎಂದಷ್ಟೇ ಹೇಳಿ ಹೊರಟಳು.

ಹೆಬ್ಬಾಗಿಲು ಬಂದಾಗ ಅವಳ ಕಾಲು ತಾನಾಗಿ ನಿಂತಿತು. ಕೈಚೀಲವನ್ನು ಕಾವಲುಗಾರನ ಮೇಜಿನ ಮೇಲೆ ಬೋರಲು ಹಾಕಿದಳು. ಕನ್ನಡಕ, ಮಾತ್ರೆ ಪಟ್ಟಿ, ಎರಡು ಟಿಕೆಟ್ಟು ಬಿದ್ದವು. ಚೀಲದ ಒಳಮೈಯನ್ನೂ ಹೊರಗೆ ತಿರುವಿ ಕೊಡವಿದಳು.

"ಏನಜ್ಜೀ ಇದು? ನಾವು ಚೀಲ ಗೀಲ ಏನೂ ನೋಡಲ್ಲ," ಎಂದು ಕಾವಲುಗಾರ ನಕ್ಕ.

"ನಿನಗಲ್ಲಪ್ಪಾ," ಎಂದಳು ಅಮ್ಮ. "ನನ್ನ ಮಗಳಿಗೆ ತೋರಿಸ್ತಾ ಇದ್ದೀನಿ."