ಎಡಬದಿ, ಬಲಬದಿ

“ಇದೇನು ಕಳೆ ಸುಡ್ತಿದೀಯೋ, ಕಳೆಗೆ ಕಾವು ಕೊಡ್ತಿದೀಯೋ?” ವಸತಿ ಸಂಘದ ಕಾರ್ಯದರ್ಶಿ ನಕ್ಕರು.

ಮುದುಕ ತಲೆ ಎತ್ತಲಿಲ್ಲ. ಗ್ಯಾಸ್ ಸಿಲಿಂಡರಿಗೆ ಸಿಕ್ಕಿಸಿದ ಉದ್ದನೆಯ ಕೊಳವೆಯ ತುದಿಯಲ್ಲಿ ನೀಲಿ ಬೆಂಕಿ ಸುಯ್ಯೆನ್ನುತ್ತಿತ್ತು. ಹಾಸುಗಲ್ಲುಗಳ ಸಂದಿಯ ಹುಲ್ಲಿನ ಮೇಲೆ ಅದನ್ನು ಇಸ್ತ್ರಿಯಂತೆ ಒಮ್ಮೆ ಆಡಿಸಿ ಮುಂದಕ್ಕೆ ಸರಿಯುತ್ತಿದ್ದ. ಎಲೆಗಳು ಇನ್ನೂ ಹಸಿರಾಗಿಯೇ ಇದ್ದವು.

ಅಂಗಳದ ಬಲಬದಿಯಲ್ಲಿ ಇನ್ನೊಬ್ಬ ಉಮೇದುವಾರ. ಕಟ್ಟುಮಸ್ತಾದ ಯುವಕ. ಅವನ ಬೆಂಕಿ ಮೊಳದುದ್ದ. ಸುಟ್ಟದ್ದನ್ನೇ ಸುಟ್ಟು ಬೂದಿ ಹಾರಿಸುತ್ತಿದ್ದ. ನಾಲ್ಕೂ ಮಹಡಿಯವರು ಬಾಲ್ಕನಿಗೆ ಬಂದು ನೋಡುತ್ತಿದ್ದರು.

ಸಂಘಕ್ಕೆ ಬೇಕಾಗಿದ್ದದ್ದು ಒಬ್ಬನೇ ಆಳು; ಪರೀಕ್ಷೆಗೆಂದು ಎಡಬದಿಯನ್ನು ಮುದುಕನಿಗೆ, ಬಲಬದಿಯನ್ನು ಯುವಕನಿಗೆ ಕೊಟ್ಟಿದ್ದರು. ಅದೂ ಒಂದು ತಿಂಗಳ ಮಟ್ಟಿಗೆ. “ಖಾಯಂ ಮಾಡ್ಕೊಂಡ್ರೆ ದೊಡ್ಡ ಉಪಕಾರ ಆಗುತ್ತೆ ಸಾರ್, ಹೆಂಡ್ತಿ ತುಂಬು ಬಸುರಿ,” ಎಂದು ಯುವಕ ಮೊದಲೇ ಕೈಮುಗಿದಿದ್ದ. “ನನ್ನ ಮನೇಲೂ ಮಗಳಿದಾಳೆ ಸ್ವಾಮಿ,” ಎಂದಿದ್ದ ಮುದುಕ. ಇಬ್ಬರೂ ಒಬ್ಬರತ್ತ ಒಬ್ಬರು ತಿರುಗಿಯೂ ನೋಡಿರಲಿಲ್ಲ.

“ಅವನ ಕಡೆ ನೋಡಜ್ಜಾ, ಬೂದಿ! ನಿನ್ನ ಕಡೆ ಹಸಿರು.”

“ಸುಟ್ರೂ ಸಾಯುತ್ತೆ, ಬಾಡಿದ್ರೂ ಸಾಯುತ್ತೆ. ಅಳಿಯ ಅಲ್ಲ, ಮಗಳ ಗಂಡ.” ಮುದುಕ ಒಂದು ಎಲೆಯನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸಿದ. ಬೆರಳಿನ ಗುರುತು ಎಲೆಯ ಮೇಲೆ ಹಾಗೇ ಉಳಿಯಿತು. “ಇದರ ಆಯಸ್ಸು ಮುಗೀತು. ಆದ್ರೆ ಇವತ್ತೇ ತೀರ್ಮಾನ ಬೇಡಿ. ಹದಿನೈದು ದಿನ ಇಬ್ರನ್ನೂ ನೋಡಿ.”

“ಸೋಲೋಕೂ ಮುಹೂರ್ತ ನೋಡ್ತಿದೀಯಾ, ಅಜ್ಜಾ?” ಯುವಕ ಆಚೆಯಿಂದ ಕೂಗಿದ.

“ಬೆಂಕಿ ಕೊಳವೇಲಿ ಇರ್ಲಿ ತಮ್ಮಾ, ಬಾಯಲ್ಲಿ ಬೇಡ.”

ಬಾಲ್ಕನಿಗಳೆಲ್ಲ ನಕ್ಕವು.

ಮುದುಕ ಎರಡು ದಿನಕ್ಕೊಮ್ಮೆ ಬೆಳಕು ಹರಿಯುವಾಗ ಬರುತ್ತಿದ್ದ. ತಲೆ ಹಾಕಿದ ಮೊಳಕೆಗಳಿಗೆಲ್ಲ ಬೆಂಕಿ ತಾಗಿಸಿ, ಜನ ಏಳುವ ಮೊದಲೇ ಹೊರಟುಬಿಡುತ್ತಿದ್ದ. ಯುವಕ ಬರುತ್ತಿದ್ದದ್ದು ಹತ್ತು ಗಂಟೆಗೆ. ಕಾರ್ಯದರ್ಶಿ ಕಾಫಿ ಲೋಟ ಹಿಡಿದು ಬಾಲ್ಕನಿಯಲ್ಲಿ ನಿಲ್ಲುವ ಹೊತ್ತು ಅದು. ಭೋರೆಂದು ಬೆಂಕಿ ಬಿಟ್ಟು ಮೇಲುಮೇಲೆ ಸುಡುತ್ತಿದ್ದ. ಮೂರೇ ದಿನಕ್ಕೆ ಕಳೆ ಮತ್ತೆ ಚಿಗುರುತ್ತಿತ್ತು. ಮತ್ತೆ ಸುಡುತ್ತಿದ್ದ. ಬೆವರು ಒರೆಸಿಕೊಂಡು ಮೇಲಕ್ಕೊಮ್ಮೆ ನೋಡುತ್ತಿದ್ದ.

ಹದಿನಾರನೆಯ ದಿನ ಸಂಘದವರೆಲ್ಲ ಕೆಳಗಿಳಿದು ಬಂದರು. ಎಡಬದಿ ತೊಳೆದಿಟ್ಟ ತಟ್ಟೆ. ಹುಲ್ಲಿನ ಎಳೆಯಿಲ್ಲ. ಬಲಬದಿಗೆ ವಾರದ ಗಡ್ಡ ಬಂದಂತಿತ್ತು.

ಕಾರ್ಯದರ್ಶಿ ಎರಡನ್ನೂ ನೋಡಿ ಕೆಮ್ಮಿದರು. “ಬೇಜಾರು ಮಾಡ್ಕೋಬೇಡ ಅಜ್ಜಾ. ನಿನ್ನ ಕಡೆ ಮಾಡೋಕೆ ಕೆಲಸಾನೇ ಇಲ್ಲ. ನೀನು ಬಂದಿದ್ದನ್ನ ಕಂಡವರೂ ಇಲ್ಲ. ಇವನು ನೋಡು, ದಿನಾ ಬೆವರು ಸುರಿಸ್ತಾನೆ. ಇಷ್ಟು ಕಳೆ ಬರೋ ಜಾಗಕ್ಕೆ ತಿಂಗಳ ಆಳು ಏನು ಸಾಕು? ಖಾಯಮ್ಮಾಗೇ ಒಬ್ಬ ಬೇಕು.”

ಎಲ್ಲರೂ ತಲೆಯಾಡಿಸಿದರು. ಯುವಕನಿಗೆ ಆದೇಶಪತ್ರ ಸಿಕ್ಕಿತು. ಮುದುಕನಿಗೆ ಅರ್ಧ ಲೋಟ ಕಾಫಿ.

ಗೇಟು ದಾಟಿ, ರಸ್ತೆಯ ತಿರುವಿನಲ್ಲಿ ಬಾಲ್ಕನಿಗಳು ಮರೆಯಾದ ಮೇಲೆ ಮುದುಕ ಯುವಕನ ಹೆಗಲ ಮೇಲೆ ಕೈಯಿಟ್ಟ. “ಬುಡಕ್ಕೆ ಮಾತ್ರ ಬೆಂಕಿ ತಾಗಿಸ್ಬೇಡಿ, ಅಳಿಯಂದ್ರೇ. ಮೊಮ್ಮಗು ಓದು ಮುಗಿಸೋವರೆಗಾದ್ರೂ.”