ಹುಟ್ಟಿದ ಊರು

ಹೆಲಿಕಾಪ್ಟರ್ ವಾಪಾರ್ ದ್ವೀಪದ ನೆಲ ಬಿಟ್ಟದ್ದೇ ತಡ, ನೊರೀನಳಿಗೆ ಹೆರಿಗೆ ನೋವು ಜೋರಾಯಿತು. "ಮುಕ್ಕಬೇಡ, ಬಾಯಲ್ಲಿ ಉಸಿರು ಬಿಡು. ಮೂವತ್ತೈದು ನಿಮಿಷ ತಡ್ಕೊಂಡ್ರೆ ಹತ್ತಿರದ ದ್ವೀಪದ ಆಸ್ಪತ್ರೆ ಸಿಗುತ್ತೆ," ಎಂದಳು ನರ್ಸ್ ಮೊಯಿರಾ. ಕಿಟಕಿಗೆ ಮೂಗು ಒತ್ತಿ ಕೂತಿದ್ದ ಅಜ್ಜಿ ಸೆಫೊರಾ ಇತ್ತ ತಿರುಗದೆಯೇ, "ಮುಕ್ಕು ಮಗಳೇ, ಮುಕ್ಕು. ಇನ್ನೂ ನಮ್ಮ ನೀರಿನ ಮೇಲೇ ಇದೀವಿ," ಎಂದಳು. ಎಲ್ಲರ ಕಿವಿಗೂ ಹೆಡ್‌ಫೋನ್ ಇದ್ದುದರಿಂದ ಎರಡು ಅಪ್ಪಣೆಗಳೂ ಮುಂದೆ ಕೂತ ಪೈಲಟ್ ಡೇರಿಲ್‌ಗೆ ಚೆನ್ನಾಗಿಯೇ ಕೇಳಿಸಿದವು.

ವಾಪಾರಿನಲ್ಲಿ ಒಂದು ಮಗು ಹುಟ್ಟಿ ಇಪ್ಪತ್ತೊಂಬತ್ತು ವರ್ಷವಾಗಿತ್ತು. ಎಂಟು ತಿಂಗಳು ತುಂಬಿತೆಂದರೆ ಬಸುರಿಯನ್ನು ವಿಮಾನ ಹತ್ತಿಸಿ ದೂರದ ಕೇರ್ನ್ಸ್ ಪಟ್ಟಣದ ದೊಡ್ಡಾಸ್ಪತ್ರೆಗೆ ಕಳಿಸಬೇಕೆಂಬುದು ನಿಯಮ. ಹೆತ್ತ ಮೇಲೆ ಮಗುವಿನೊಂದಿಗೆ ಅವಳು ವಾಪಸು ಬರಬೇಕು. ನೊರೀನಳ ಮೊದಲ ಇಬ್ಬರು ಗಂಡುಮಕ್ಕಳೂ ಅಲ್ಲೇ ಹುಟ್ಟಿದವರು. ಈ ಸಲ ಮಾತ್ರ ವಿಮಾನ ಬರುವ ದಿನವೇ ಅಜ್ಜಿ ಮೊಮ್ಮಗಳಿಬ್ಬರೂ ದೋಣಿ ತೆಗೆದುಕೊಂಡು ಮೀನಿಗೆ ಹೋಗಿದ್ದರು. ಒಂದು ಸಲವಲ್ಲ, ಎರಡು ಸಲ. ಇವತ್ತು ಬೆಳಿಗ್ಗೆ ನೋವು ಶುರುವಾದದ್ದನ್ನೂ ಮುಚ್ಚಿಟ್ಟಿದ್ದರು. ಮೊಯಿರಾ ಹೇಗೋ ವಾಸನೆ ಹಿಡಿದು ಹೆಲಿಕಾಪ್ಟರ್ ಕರೆಸಿದಳು. ಅದು ಅಂದುಕೊಂಡದ್ದಕ್ಕಿಂತ ಬೇಗ ಬಂದುಬಿಟ್ಟಿತು. ಡಾಕ್ಟರು ಬೇರೆ ದ್ವೀಪದಲ್ಲಿದ್ದುದರಿಂದ ಮೊಯಿರಾಳೇ ಜೊತೆಗೆ ಹತ್ತಿದಳು.

"ಅಜ್ಜೀ, ನನ್ ಕೈಲಿ ಆಗ್ತಿಲ್ಲ."

"ಆಗುತ್ತೆ. ಇದೋ, ನಿಮ್ಮ ಮಾವನ ಆಮೆ ದಿಬ್ಬ ಬಂತು ನೋಡು ಕೆಳಗೆ ನೀರಲ್ಲಿ. ಇದಾದ್ಮೇಲೆ ಸಿಗಡಿ ದಿಬ್ಬ. ಆಮೇಲೆ ನಿಮ್ಮ ತಾತನ ಬಿಳಿ ದಿಬ್ಬ. ಅದು ದಾಟಿದ್ರೆ ಮುಗೀತು, ಬೇರೆಯವರ ನೀರು."

"ಸಮುದ್ರಕ್ಕೆ ಎಂಥ ಬೇಲಿ ಅಜ್ಜೀ!" ಮೊಯಿರಾ ರೇಗಿದಳು. "ಹೋದ ಸಲ ಇವಳಿಗೆ ಎಷ್ಟು ರಕ್ತ ಹೋಯ್ತು ಅಂತ ನೆನಪಿದೆಯಾ? ಇಲ್ಲಿ ಹಾಗಾದ್ರೆ ನನ್ನ ಹತ್ರ ಒಂದು ಇಂಜೆಕ್ಷನ್ ಬಿಟ್ರೆ ಬೇರೇನೂ ಇಲ್ಲ."

"ನೆನಪಿದೆ ಸಿಸ್ಟರ್. ನಂಗೆ ಭಯ ಇಲ್ಲ ಅಂದ್ಕೊಂಡ್ಯಾ? ಆದ್ರೆ ನಮ್ಮನ್ನ ಹೂಳೋಕೆ ಮಾತ್ರ ನಮ್ಮೂರು ಬೇಕು, ಹೆರೋಕೆ ಬೇಡ್ವಾ?"

ಮೊಯಿರಾ ಕೈಗವಸು ಬದಲಾಯಿಸಿದಳು. ಆಮೆ ದಿಬ್ಬ ಹೋಯಿತು, ಸಿಗಡಿ ದಿಬ್ಬವೂ ಹೋಯಿತು. ನೀರಿಳಿದು ಮರಳು ತೋರಿಸುತ್ತಿದ್ದ ಬಿಳಿ ದಿಬ್ಬ ಬಂದು, ನೋಡನೋಡುತ್ತಲೇ ಹಿಂದೆ ಸರಿಯಿತು. ಸೆಫೊರಾ ಕಿಟಕಿಯಿಂದ ಮುಖ ತೆಗೆದು, "ಹೋಯ್ತು," ಎಂದಳು. ನೊರೀನ್ ಅಳತೊಡಗಿದಳು. ಅದು ನೋವಿನ ಅಳುವಲ್ಲವೆಂದು ಮೊಯಿರಾಳಿಗೆ ಗೊತ್ತಾಯಿತು. ಹದಿನೈದು ವರ್ಷದಿಂದ ಅವಳು ಎರಡೂ ಬಗೆಯ ಅಳುವನ್ನು ಕೇಳುತ್ತ ಬಂದಿದ್ದಳು.

ಆಗ ಹೆಲಿಕಾಪ್ಟರ್ ಎಡಕ್ಕೆ ವಾಲಿತು. ಈ ಕಿಟಕಿಯಲ್ಲಿದ್ದ ಬಿಸಿಲು ಆ ಕಿಟಕಿಗೆ ಹೋಯಿತು.

"ಏನಾಯ್ತು ಡೇರಿಲ್?"

"ಮುಂದೆ ಮೋಡ ಇದೆ. ಸುತ್ತಿಕೊಂಡು ಹೋಗ್ಬೇಕು."

ಮೊಯಿರಾ ಕತ್ತೆತ್ತಿ ನೋಡಿದಳು. ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ಬೈಯಲು ಬಾಯಿ ತೆರೆದಳು, ಆದರೆ ಮಗುವಿನ ತಲೆ ಕಾಣಿಸಿತು, ಜಗಳಕ್ಕೆ ಪುರುಸೊತ್ತಿರಲಿಲ್ಲ. ಸೆಫೊರಾ ಮತ್ತೆ ಕಿಟಕಿಗೆ ಅಂಟಿಕೊಂಡು, "ಬಂತು! ಬಿಳಿ ದಿಬ್ಬ ಬಂತು! ಮುಕ್ಕು!" ಎಂದು ಕೂಗಿದಳು. ಈ ಸಲ ನರ್ಸ್ ಕೂಡ "ಮುಕ್ಕು," ಎಂದೇ ಹೇಳಿದಳು. ಹತ್ತು ಗಂಟೆ ನಲವತ್ತೆರಡು ನಿಮಿಷಕ್ಕೆ ಹೆಣ್ಣುಮಗು ಹುಟ್ಟಿತು. ಸೆಫೊರಾ ಅದನ್ನು ಕಿಟಕಿಯ ಹತ್ತಿರ ಎತ್ತಿ ಹಿಡಿದು ಕೆಳಗಿನ ನೀರು ತೋರಿಸಿದಳು. ಮಗು ಕಣ್ಣು ಬಿಡಲಿಲ್ಲ, ಗಂಟಲು ಮಾತ್ರ ಬಿಟ್ಟಿತು. ನೊರೀನ್ ನಕ್ಕಳು. ಅಷ್ಟು ಸಂತೋಷದ ಮುಖವನ್ನು ಮೊಯಿರಾ ಯಾವ ಹೆರಿಗೆ ವಾರ್ಡಿನಲ್ಲೂ ನೋಡಿರಲಿಲ್ಲ.

ಆಮೇಲೆ ರಕ್ತ ಶುರುವಾಯಿತು. ಮೊಯಿರಾ ಇದ್ದೊಂದು ಇಂಜೆಕ್ಷನ್ ಕೊಟ್ಟು, ನೊರೀನಳ ಹೊಟ್ಟೆಯ ಮೇಲೆ ಮುಷ್ಟಿ ಒತ್ತಿ ಹಿಡಿದಳು. ಆಸ್ಪತ್ರೆ ಬರುವವರೆಗೂ ಆ ಕೈ ತೆಗೆಯಲಿಲ್ಲ.

ನೊರೀನ್ ಉಳಿದಳು. ನಾಲ್ಕು ಬಾಟಲಿ ರಕ್ತ ಕೊಡಬೇಕಾಯಿತು. "ಇನ್ನು ಹತ್ತು ನಿಮಿಷ ತಡವಾಗಿದ್ರೆ ಕಷ್ಟ ಇತ್ತು," ಎಂದರು ಡಾಕ್ಟರು. ಮೋಡ ತಿಂದದ್ದು ಎಂಟು ನಿಮಿಷ. ಮೊಯಿರಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹೊರಗೆ ಡೇರಿಲ್ ಸಿಗರೇಟು ಹಚ್ಚಲು ಒಂದರ ಮೇಲೊಂದು ಕಡ್ಡಿ ಗೀರುತ್ತಿದ್ದ. ಮೊಯಿರಾ ಫಾರಂ ತುಂಬಲು ಕೂತು, ತಡವಾದದ್ದಕ್ಕೆ ಕಾರಣ ಎಂಬಲ್ಲಿ 'ಮೋಡ' ಎಂದೂ, ಹುಟ್ಟಿದ ಊರು ಎಂಬಲ್ಲಿ 'ವಾಪಾರ್' ಎಂದೂ ಬರೆದಳು.

ಮುಂದಿನ ತಿಂಗಳು ಎಂಟು ತಿಂಗಳ ಬಸುರಿಯೊಬ್ಬಳು ವಾಪಾರಿನ ಕ್ಲಿನಿಕ್ಕಿಗೆ ಬಂದಳು. ಮೊಯಿರಾ ಕೇರ್ನ್ಸ್ ವಿಮಾನದ ಟಿಕೆಟನ್ನು ಅವಳ ಮುಂದಿಟ್ಟಳು. ಅವಳು ಅದನ್ನು ಮುಟ್ಟಲಿಲ್ಲ.

"ಅದಿರ್ಲಿ ಸಿಸ್ಟರ್," ಎಂದಳು, "ನಂಗೆ ದಿನ ತುಂಬೋ ವಾರ ಹೆಲಿಕಾಪ್ಟರ್ ಓಡ್ಸೋದು ಡೇರಿಲ್ಲೇ ತಾನೇ?"